ಮಖಮಲ್ಲಿನ ಅಂಗಿ, ಓಡುವ ಕಾಲು

ಮನೆಯಲ್ಲಿ ಹೊಲಿದ ಬಟ್ಟೆಗೆ ಎರಡು ಅಳತೆಗಳಿರುತ್ತವೆ. ಒಂದು, ಟೇಪು ಹಿಡಿದು ಮಗುವಿನ ಎದೆ, ತೋಳು, ನಡು ನೋಡಿ ಬರೆದುಕೊಂಡದ್ದು. ಇನ್ನೊಂದು, ಹೊಲಿಯುವವಳು ತನ್ನ ಮನಸ್ಸಿನಲ್ಲಿ ಇಟ್ಟುಕೊಂಡದ್ದು. ಮೊದಲನೆಯದು ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಎರಡನೆಯದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಇವೆರಡರ ನಡುವಿನ ಜಗ್ಗಾಟ ಹೊಲಿಗೆ ಬಲ್ಲ ಪ್ರತಿ ತಾಯಿಗೂ ಗೊತ್ತು.

ಅದರಲ್ಲೂ ಗಂಡುಮಗುವಿನ ಬಟ್ಟೆಯ ವಿಷಯವೇ ಬೇರೆ. ಹೆಣ್ಣುಮಗಳಿಗಾದರೆ ಫ್ರಾಕು, ಲಂಗ, ರವಿಕೆ ಎಂದು ಅವಳ ಮದುವೆಯವರೆಗೂ, ಮದುವೆಯಾದ ಮೇಲೂ ಹೊಲಿಯಬಹುದು. ಗಂಡುಮಗುವಿಗೆ ನಾವು ಹೊಲಿಯುವುದು ಹೆಚ್ಚೆಂದರೆ ಏಳೆಂಟು ವರ್ಷ. ಹುಟ್ಟಿದ ಹೊಸದರಲ್ಲಿ ಅಜ್ಜಿಯ ಹಳೆಯ ಸೀರೆಯ ಮೆತ್ತನೆಯ ಅಂಗಿ, ತಲೆಗೊಂದು ಕುಲಾವಿ. ಆಮೇಲೆ ಜುಬ್ಬ, ಲಾಡಿ ಚಡ್ಡಿ. ಶಾಲೆಗೆ ಸೇರಿದ ಮೇಲೆ ಕಾಲರ್ ಅಂಗಿ. ಪ್ಯಾಂಟು ಬೇಕು ಎಂದು ಅವನು ಕೇಳಿದ ದಿನ ಟೈಲರ್ ಅಂಗಡಿಯ ದಾರಿ ಹಿಡಿಯುತ್ತಾನೆ. ಅಲ್ಲಿಗೆ ನಮ್ಮ ಮಿಷನ್ನಿನ ಕೆಲಸ ಮುಗಿಯಿತು. ಈಗಂತೂ ರೆಡಿಮೇಡ್ ಬಟ್ಟೆ ಎಲ್ಲ ಊರಿನಲ್ಲೂ ಸಿಗುವುದರಿಂದ ಆ ಏಳೆಂಟು ವರ್ಷವೂ ಇಲ್ಲ. ಇಷ್ಟು ಕಡಿಮೆ ಕಾಲ ಎಂದು ಗೊತ್ತಿರುವುದರಿಂದಲೇ ಏನೋ, ತಾಯಂದಿರು ಗಂಡುಮಗುವಿನ ಪುಟ್ಟ ಬಟ್ಟೆಗೆ ತಮ್ಮ ಆಸೆಗಳನ್ನೆಲ್ಲ ಸೇರಿಸಿ ಹೊಲಿದುಬಿಡುತ್ತಾರೆ.

ಈ ಮಾತನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಒಂದು ಇಂಗ್ಲಿಷ್ ಕಾದಂಬರಿ, ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಬರೆದ ‘ಲಿಟಲ್ ಲಾರ್ಡ್ ಫಾಂಟ್ಲರಾಯ್’. 1885ರ ನವೆಂಬರಿನಿಂದ ಅಮೆರಿಕದ ‘ಸೇಂಟ್ ನಿಕೊಲಸ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1886ರಲ್ಲಿ ಪುಸ್ತಕವಾಯಿತು. ಇದರ ಸಂಕ್ಷಿಪ್ತ ರೂಪವನ್ನು ನಾನು ಮೊದಲು ಓದಿದ್ದು ಶಾಲೆಯ ಪುಸ್ತಕದ ಬೀರುವಿನಿಂದ ತೆಗೆದು. ಪೂರ್ತಿ ಪುಸ್ತಕವನ್ನು ಓದಿದ್ದು ಬಹಳ ವರ್ಷಗಳ ನಂತರ. ಮಕ್ಕಳ ಬಟ್ಟೆಯ ಚರಿತ್ರೆಯಲ್ಲಿ ಈ ಪುಸ್ತಕ ಮಾಡಿದಷ್ಟು ಗಲಾಟೆಯನ್ನು ಇನ್ನೊಂದು ಕಾದಂಬರಿ ಮಾಡಿದಂತೆ ನನಗೆ ತೋರುವುದಿಲ್ಲ.

ಕಥೆ ಸರಳವಾದದ್ದು. ನ್ಯೂಯಾರ್ಕಿನ ಒಂದು ಸಾಧಾರಣ ಬೀದಿಯಲ್ಲಿ ಸೆಡ್ರಿಕ್ ಎಂಬ ಏಳು ವರ್ಷದ ಹುಡುಗ ವಿಧವೆ ತಾಯಿಯೊಡನೆ ಬೆಳೆಯುತ್ತಿದ್ದಾನೆ. ತಂದೆ ಇಂಗ್ಲೆಂಡಿನ ದೊಡ್ಡ ಜಮೀನ್ದಾರನೊಬ್ಬನ ಕಿರಿಯ ಮಗ. ಅಮೆರಿಕದ ಹುಡುಗಿಯನ್ನು ಮದುವೆಯಾದ ಕಾರಣಕ್ಕೆ ಮನೆಯಿಂದ ದೂರವಾಗಿದ್ದವನು. ಮುದುಕನ ಹಿರಿಯ ಮಕ್ಕಳೂ ತೀರಿಕೊಂಡಾಗ ಈ ಹುಡುಗನೇ ವಾರಸುದಾರನಾಗುತ್ತಾನೆ. ವಕೀಲರು ಬಂದು ಕರೆದೊಯ್ಯುತ್ತಾರೆ. ಕಿರಾಣಿ ಅಂಗಡಿಯ ಹಾಬ್ಸ್, ಬೂಟು ಪಾಲಿಶ್ ಮಾಡುವ ಡಿಕ್, ಸೇಬು ಮಾರುವ ಮುದುಕಿ ಇವರನ್ನೆಲ್ಲ ಬಿಟ್ಟು ಹುಡುಗ ಕೋಟೆಯಂಥ ಮನೆಗೆ ಹೋಗುತ್ತಾನೆ. ಸೊಸೆಯನ್ನು ಕಂಡರಾಗದ ಮುಂಗೋಪಿ ಅಜ್ಜ ಅವಳನ್ನು ಬೇರೆ ಮನೆಯಲ್ಲಿ ಇರಿಸುತ್ತಾನೆ. ಮೊಮ್ಮಗನ ಒಳ್ಳೆಯತನ ಮೆಲ್ಲಮೆಲ್ಲಗೆ ಅಜ್ಜನನ್ನು ಕರಗಿಸುತ್ತದೆ. ಕೊನೆಗೆ ಸೊಸೆಗೂ ಆ ಮನೆಯ ಬಾಗಿಲು ತೆರೆಯುತ್ತದೆ.

ಇದರಲ್ಲಿ ಬಟ್ಟೆ ಎಲ್ಲಿ ಬರುತ್ತದೆ ಎಂದು ಹುಡುಕಿದರೆ, ಜನ ಮರೆತುಬಿಟ್ಟ ಒಂದು ಸಣ್ಣ ವಿವರ ಕಣ್ಣಿಗೆ ಬೀಳುತ್ತದೆ. ಕಥೆಯ ಆರಂಭದಲ್ಲಿ ಮನೆಗೆಲಸದ ಮೇರಿ ತನ್ನ ಪುಟ್ಟ ಯಜಮಾನನ ಚೆಲುವನ್ನು ಹೊಗಳುತ್ತಾಳೆ. ಕಪ್ಪು ಮಖಮಲ್ಲಿನ ಬಟ್ಟೆ ತೊಟ್ಟು ತಲೆಯೆತ್ತಿ ನಡೆದರೆ ಬೀದಿಯವರೆಲ್ಲ ತಿರುಗಿ ನೋಡುತ್ತಾರೆ ಎನ್ನುತ್ತಾಳೆ. ಆ ಬಟ್ಟೆ ಎಲ್ಲಿಂದ ಬಂತು ಎಂಬುದನ್ನೂ ಹೇಳುತ್ತಾಳೆ. ಅದು ಅಮ್ಮನ ಹಳೆಯ ಗೌನಿನಿಂದ ಮಾಡಿದ್ದು! ಅಂದರೆ ಆ ಪ್ರಸಿದ್ಧ ಮಖಮಲ್ಲು ಮೊದಲು ಕಾಣಿಸಿಕೊಂಡದ್ದು ಶ್ರೀಮಂತಿಕೆಯ ಗುರುತಾಗಿ ಅಲ್ಲ, ಮಿತವ್ಯಯದ ಗುರುತಾಗಿ. ಗಂಡನನ್ನು ಕಳೆದುಕೊಂಡ ಹೆಂಗಸಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಒಳ್ಳೆಯ ದಿನಗಳ ಬಟ್ಟೆ, ಮಗನ ಮೈಗೆ ಬಂದಿದೆ. ಸೀರೆ ಹರಿದರೆ ಒಳ್ಳೆಯ ಭಾಗ ನೋಡಿ ಮಗುವಿನ ಅಂಗಿ, ಅದೂ ಹರಿದರೆ ಕೌದಿ, ಕೊನೆಗೆ ಒರೆಸುವ ಬಟ್ಟೆ ಎಂದು ಲೆಕ್ಕ ಹಾಕಿ ಬದುಕಿದ ನಮ್ಮ ಅಜ್ಜಿಯರಿಗೆ ಈ ಒಂದು ವಾಕ್ಯ ಸಾಕಿತ್ತು. ಆ ತಾಯಿಯನ್ನು ತಮ್ಮ ಪಕ್ಕದ ಮನೆಯವಳೆಂದೇ ತಿಳಿಯುತ್ತಿದ್ದರು.

ಎರಡನೆಯ ವಿವರ ನನಗೆ ಇನ್ನೂ ಪ್ರಿಯವಾದದ್ದು. ಹುಡುಗ ಎಂಥವನೋ ಎಂದು ಅಳುಕುತ್ತಲೇ ಬಂದ ವಕೀಲರು ಬೀದಿಯಲ್ಲಿ ಅವನನ್ನು ನೋಡುತ್ತಾರೆ. ಅವನು ಆಗ ಇನ್ನೊಬ್ಬ ಹುಡುಗನೊಡನೆ ಓಟದ ಪಂದ್ಯ ಕಟ್ಟಿದ್ದಾನೆ. ಮೈಮೇಲೆ ಮಖಮಲ್ಲಿಲ್ಲ. ಮೊಣಕಾಲಿನವರೆಗಿನ ಚಡ್ಡಿ, ಕೆಂಪು ಕಾಲುಚೀಲ. ಆ ಕೆಂಪು ಕಾಲುಗಳು ಹಾರುವುದನ್ನು ಲೇಖಕಿ ಮನಸಾರೆ ಬಣ್ಣಿಸುತ್ತಾಳೆ. ಗೆದ್ದ ಮೇಲೆ ಹುಡುಗ ಸೋತವನನ್ನು ಸಮಾಧಾನ ಮಾಡುತ್ತಾನೆ. ತನ್ನ ಕಾಲು ಸ್ವಲ್ಪ ಉದ್ದ, ತಾನು ಮೂರು ದಿನ ದೊಡ್ಡವನು, ಅದಕ್ಕೇ ಗೆದ್ದೆನೇನೋ ಎನ್ನುತ್ತಾನೆ. ಇಡೀ ಪುಸ್ತಕದಲ್ಲಿ ಅವನು ನಿಜವಾದ ಹುಡುಗನಾಗಿ ಕಾಣುವುದು ನನ್ನ ಮಟ್ಟಿಗೆ ಈ ಜಾಗದಲ್ಲಿ.

ಮೂರನೆಯದು ಎಲ್ಲರಿಗೂ ಗೊತ್ತಿರುವ ದೃಶ್ಯ. ಕೋಟೆಯ ಕೋಣೆಯೊಳಗೆ ಅಜ್ಜ ಮೊದಲ ಬಾರಿ ಮೊಮ್ಮಗನನ್ನು ನೋಡುವಾಗ ಹುಡುಗ ಕಪ್ಪು ಮಖಮಲ್ಲಿನ ಸೂಟು, ಲೇಸಿನ ಕಾಲರ್, ಇಳಿಬಿದ್ದ ಗುಂಗುರು ಕೂದಲಿನಲ್ಲಿ ನಿಂತಿದ್ದಾನೆ. ರೆಜಿನಾಲ್ಡ್ ಬರ್ಚ್ ಎಂಬ ಕಲಾವಿದ ಪುಸ್ತಕಕ್ಕೆ ಚಿತ್ರ ಬರೆದ. ಲೋಕದ ಕಣ್ಣಿನಲ್ಲಿ ಉಳಿದುಕೊಂಡದ್ದು ಆ ಚಿತ್ರ. ಹಳೆಯ ಗೌನು ಮರೆತುಹೋಯಿತು. ಕೆಂಪು ಕಾಲುಚೀಲವೂ ಮರೆತುಹೋಯಿತು.

ಈ ಚಿತ್ರದ ಹಿಂದೆ ಒಬ್ಬ ನಿಜವಾದ ಹುಡುಗನಿದ್ದ. ಲೇಖಕಿಯ ಎರಡನೆಯ ಮಗ ವಿವಿಯನ್. ಮಖಮಲ್ಲಿನ ಸೂಟು ತೊಟ್ಟ ಅವನ ಫೋಟೋವನ್ನೇ ಇಟ್ಟುಕೊಂಡು ಬರ್ಚ್ ಚಿತ್ರ ಬರೆದದ್ದು. ಆ ಬಟ್ಟೆಯನ್ನು ಹೊಲಿದವಳು ತಾಯಿಯೇ.

ಆ ತಾಯಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಬರ್ನೆಟ್ ಹುಟ್ಟಿದ್ದು 1849ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಚಿಕ್ಕವಳಿರುವಾಗಲೇ ತಂದೆ ಹೋದರು. ಬಡತನ ಬಂತು. 1865ರಲ್ಲಿ ಸಂಸಾರ ಅಮೆರಿಕದ ಟೆನೆಸಿಗೆ ವಲಸೆ ಹೋಯಿತು. ಕಾಡು ದ್ರಾಕ್ಷಿ ಕಿತ್ತು ಮಾರಿ ಬಂದ ಹಣದಲ್ಲಿ ಕಾಗದ, ಅಂಚೆಚೀಟಿ ಕೊಂಡು ಪತ್ರಿಕೆಗೆ ಕಥೆ ಕಳಿಸಿದ ಹುಡುಗಿ ಇವಳು. ಹತ್ತೊಂಬತ್ತರ ವಯಸ್ಸಿಗೆ ಅವಳ ಬರವಣಿಗೆಯಿಂದ ಮನೆಗೆ ಹಣ ಬರತೊಡಗಿತ್ತು. ಮದುವೆಯಾದ ಮೇಲೂ ಹಾಗೆಯೇ. ಗಂಡ ಪ್ಯಾರಿಸ್ಸಿನಲ್ಲಿ ಕಣ್ಣಿನ ವೈದ್ಯ ಕಲಿಯುವಾಗ ಸಂಸಾರ ನಡೆದದ್ದು ಇವಳ ಲೇಖನಿಯಿಂದ. ಅಲ್ಲಿ, ಇಬ್ಬರು ಪುಟ್ಟ ಮಕ್ಕಳ ಬಟ್ಟೆಯ ಖರ್ಚು ಉಳಿಸಲು ತಾನೇ ಹೊಲಿಯತೊಡಗಿದಳು. ನಿರಿಗೆ, ಲೇಸು ಹೆಚ್ಚಾಗಿಯೇ ಇದ್ದವಂತೆ. ಅಮೆರಿಕಕ್ಕೆ ಮರಳಿದ ಮೇಲೆ ಮಖಮಲ್ಲಿನ ಸೂಟುಗಳು ಬಂದವು. ಮಕ್ಕಳ ಕೂದಲನ್ನು ಉದ್ದ ಬಿಟ್ಟು ತಾನೇ ಗುಂಗುರು ಮಾಡುತ್ತಿದ್ದಳು.

ದಿನವಿಡೀ ದುಡಿದು, ಸಂಜೆ ಮಗುವಿನ ಅಂಗಿಗೆ ಕಾಜಾ ಹಾಕಲು ಕೂತ ಹೆಂಗಸಿನ ಸುಖ ಏನೆಂದು ನನಗೆ ತಿಳಿಯದ ವಿಷಯವಲ್ಲ. ತವರಿನಿಂದ ಬಂದ ಉಷಾ ಮಿಷನ್ ನನ್ನ ಮನೆಯಲ್ಲೂ ಕಿಟಕಿಯ ಪಕ್ಕದಲ್ಲಿದೆ. ನೋಟ್‌ಬುಕ್ಕುಗಳ ಕಟ್ಟು ತಿದ್ದಿ ಮುಗಿಸಿ, ಅಡುಗೆ ಮನೆ ತೊಳೆದು, ರಾತ್ರಿ ಒಂಬತ್ತಕ್ಕೆ ಮಗನ ಚಡ್ಡಿಯ ಅಂಚು ಮಡಿಚಲು ಕೂತಾಗ ಅದು ಕೆಲಸ ಎನಿಸುತ್ತಿರಲಿಲ್ಲ. ದಿನದಲ್ಲಿ ನನ್ನದೆಂದು ಉಳಿದ ಒಂದು ಗಂಟೆ ಅದು. ಹಾಗಾಗಿ ಬರ್ನೆಟ್ಟಳನ್ನು ‘ಮಗನನ್ನು ಗೊಂಬೆ ಮಾಡಿದ ತಾಯಿ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನು ಸೇರಲಾರೆ. ಹಣ ಕೊಟ್ಟು ದರ್ಜಿಯಿಂದ ಹೊಲಿಸುವ ಸ್ಥಿತಿ ಬಂದ ಮೇಲೂ ಅವಳು ಹೊಲಿದಳೆಂದರೆ, ಅದರಲ್ಲಿ ಒಂದು ಪ್ರೀತಿ ಇತ್ತು, ಒಂದು ಕಸುಬಿನ ಹೆಮ್ಮೆಯೂ ಇತ್ತು.

ಆದರೆ ಪುಸ್ತಕ ಹೊರಬಂದ ಮೇಲೆ ಆದದ್ದು ಬೇರೆ. ಅಮೆರಿಕ, ಇಂಗ್ಲೆಂಡುಗಳ ಸಾವಿರಾರು ತಾಯಂದಿರು ಆ ಚಿತ್ರ ನೋಡಿ ತಮ್ಮ ಗಂಡುಮಕ್ಕಳಿಗೆ ಮಖಮಲ್ಲಿನ ಸೂಟು, ಲೇಸಿನ ಕಾಲರ್ ಹೊಲಿಯತೊಡಗಿದರು. ಅಷ್ಟು ಹೊತ್ತಿಗೆ ಹೊಲಿಗೆ ಮಿಷನ್ನು ಮಧ್ಯಮ ವರ್ಗದ ಮನೆಗಳಿಗೆ ಬಂದಿತ್ತು. ಅಳತೆಗೆ ತಕ್ಕ ಕಾಗದದ ಪ್ಯಾಟರ್ನುಗಳೂ ಬಂದಿದ್ದವು. 1863ರಲ್ಲಿ ಮ್ಯಾಸಚೂಸೆಟ್ಸಿನ ಎಬೆನೆಜರ್ ಬಟರಿಕ್ ಎಂಬ ದರ್ಜಿ ಬೇರೆ ಬೇರೆ ಸೈಜಿನ ಪ್ಯಾಟರ್ನುಗಳನ್ನು ಮಾರಲು ತೊಡಗಿದ್ದ. ಹೆಂಡತಿ ತಮ್ಮ ಕೂಸಿಗೆ ಬಟ್ಟೆ ಕತ್ತರಿಸುವಾಗ, ಮಗುವಿನ ಅಳತೆಗೇ ಪ್ಯಾಟರ್ನು ಸಿಕ್ಕಿದ್ದರೆ ಎಷ್ಟು ಅನುಕೂಲ ಎಂದಳಂತೆ, ಅದರಿಂದಲೇ ಅವನಿಗೆ ಈ ಯೋಚನೆ ಬಂದದ್ದು ಎಂದು ಕಥೆಯಿದೆ. ಎಷ್ಟು ಒಳ್ಳೆಯ ಯೋಚನೆ! ಹೆಣ್ಣುಮಕ್ಕಳ ಎಷ್ಟು ಬಟ್ಟೆ, ಎಷ್ಟು ಸಮಯ ಉಳಿಸಿತೋ. ಆದರೆ ಪ್ಯಾಟರ್ನಿನಲ್ಲಿ ಮೈ ಅಳತೆ ಮಾತ್ರ ಸಿಗುತ್ತದೆ. ಈ ಹುಡುಗನಿಗೆ ಇದು ಬೇಕೋ ಬೇಡವೋ ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ.

ಮಖಮಲ್ಲು ಎಂಥ ಬಟ್ಟೆ ಎಂದು ನಿಮಗೆ ಗೊತ್ತೇ ಇದೆ. ನೀರಿಗೆ ಹಾಕುವಂತಿಲ್ಲ, ಇಸ್ತ್ರಿ ಪೆಟ್ಟಿಗೆ ನೇರವಾಗಿ ಇಡುವಂತಿಲ್ಲ, ಕೂತಲ್ಲಿ ಕೂತರೆ ಜುಂಗು ನಲುಗಿ ಗುರುತು ಬೀಳುತ್ತದೆ. ಅಂಥದ್ದನ್ನು ತೊಟ್ಟ ಹುಡುಗ ಗೋಲಿಯಾಡಲು ಮಣ್ಣಿನಲ್ಲಿ ಮೊಣಕಾಲೂರುವುದು ಹೇಗೆ? ಬೇರೆ ಹುಡುಗರು ಗೇಲಿ ಮಾಡದೆ ಬಿಡುತ್ತಾರೆಯೆ? ಆ ಕಾಲದ ಎಷ್ಟೋ ಗಂಡುಮಕ್ಕಳು ದೊಡ್ಡವರಾದ ಮೇಲೂ ಆ ಸೂಟನ್ನು ಶಪಿಸಿದರು. ‘ಫಾಂಟ್ಲರಾಯ್’ ಎಂಬುದು ಇಂಗ್ಲಿಷಿನಲ್ಲಿ ಮುದ್ದಿನಿಂದ ಕೆಟ್ಟ ಹುಡುಗನಿಗೆ ಇಡುವ ಹೆಸರೇ ಆಗಿಹೋಯಿತು.

ಇನ್ನೊಂದು ಸಂಗತಿ ನೋಡಿ. 1888ರಲ್ಲಿ ನ್ಯೂಯಾರ್ಕಿನಲ್ಲಿ ಈ ಕಥೆ ನಾಟಕವಾದಾಗ ಸೆಡ್ರಿಕ್ಕನ ಪಾತ್ರ ಮಾಡಿದ್ದು ಎಲ್ಸಿ ಲೆಸ್ಲಿ ಎಂಬ ಹುಡುಗಿ. 1921ರ ಮೂಕಿ ಚಿತ್ರದಲ್ಲಿ ಮೇರಿ ಪಿಕ್‌ಫೋರ್ಡ್ ಎಂಬ ಪ್ರಸಿದ್ಧ ನಟಿ ತಾಯಿಯ ಪಾತ್ರವನ್ನೂ ತಾನೇ ಮಾಡಿ, ಮಗನ ಪಾತ್ರವನ್ನೂ ತಾನೇ ಮಾಡಿದಳು. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಯೋಚನೆಗಿಟ್ಟುಕೊಂಡಿತು. ಮಗನ ಬಟ್ಟೆಯೊಳಗೆ ಕೊನೆಗೂ ನಿಂತವಳು ತಾಯಿಯೇ!

ಇದೆಲ್ಲ ದೂರದ ದೇಶದ ಹುಚ್ಚು ಎಂದು ನಾವು ನಗುವ ಹಾಗಿಲ್ಲ. ನಮ್ಮಲ್ಲೂ ಚೌಲಕ್ಕೆ ಮುಂಚೆ ಗಂಡುಮಗುವಿಗೆ ಜಡೆ ಹೆಣೆದು, ಹೂ ಮುಡಿಸಿ, ಲಂಗ ತೊಡಿಸಿ ಸ್ಟುಡಿಯೋದಲ್ಲಿ ಫೋಟೋ ತೆಗೆಸುವ ಪದ್ಧತಿ ಎಷ್ಟು ಮನೆಗಳಲ್ಲಿಲ್ಲ? ಕೃಷ್ಣಾಷ್ಟಮಿ ಬಂತೆಂದರೆ ಜರಿ ಪಂಚೆ, ನವಿಲುಗರಿ, ಸೊಂಟಕ್ಕೆ ಡಾಬು. ಮದುವೆ ಮನೆಯಲ್ಲಿ ಮೂರು ವರ್ಷದ ಕೂಸಿಗೆ ಕುತ್ತಿಗೆ ಕೆರೆಯುವ ಜರಿಯ ಶೇರ್ವಾನಿ. ಇವು ತಪ್ಪೆಂದು ನಾನು ಹೇಳುತ್ತಿಲ್ಲ. ಒಂದು ದಿನದ ಸಂಭ್ರಮಕ್ಕೆ ಮಗುವೂ ಒಪ್ಪುತ್ತದೆ, ಕನ್ನಡಿ ನೋಡಿ ನಗುತ್ತದೆ. ಸಾಯಂಕಾಲ ಅದನ್ನು ಕಳಚಿ ಹತ್ತಿಯ ಅಂಗಿ ಹಾಕಿದರೆ ಸರಿ. ಕಳಚುವುದನ್ನೇ ಮರೆತರೆ ಕಷ್ಟ.

ಮನೆಯ ಹೊಲಿಗೆಯ ಬಟ್ಟೆಗೆ ಗೇಲಿ ತಪ್ಪಿದ್ದಲ್ಲ, ನಿಜ. ಆದರೆ ಗೇಲಿಗೂ ಗೇಲಿಗೂ ವ್ಯತ್ಯಾಸವಿದೆ. ಒಮ್ಮೆ ನಮ್ಮ ಶಾಲೆಯ ಐದನೇ ತರಗತಿಯ ಹುಡುಗನೊಬ್ಬ ಹುಟ್ಟಿದ ಹಬ್ಬಕ್ಕೆ ಬಣ್ಣದ ಅಂಗಿ ತೊಟ್ಟು ಬಂದ. ತಾಯಿ ತನ್ನ ಹಳೆಯ ಸೀರೆಯಲ್ಲಿ ಹೊಲಿದದ್ದು. ಮಾವಿನಕಾಯಿ ಅಂಚು ಸರಿಯಾಗಿ ಗುಂಡಿಪಟ್ಟಿಯ ಮೇಲೆ ಬಂದಿತ್ತು. ಹೊಲಿಗೆ ಅಚ್ಚುಕಟ್ಟು. ಉಳಿದ ಹುಡುಗರು ‘ಸೀರೆ ಅಂಗಿ, ಸೀರೆ ಅಂಗಿ’ ಎಂದು ಕೂಗತೊಡಗಿದರು. ನಾನು ಗದರಿಸಬೇಕೆಂದು ಎದ್ದೆ. ಅಷ್ಟರಲ್ಲಿ ಅವನೇ, “ಹೌದ್ರೋ, ನಮ್ಮಮ್ಮನ ಮದುವೆ ಸೀರೆ ಕಣ್ರೋ. ನಿಮ್ಮ ಹತ್ರ ಇದೆಯಾ?” ಎಂದ. ಯಾರಿಗೂ ಉತ್ತರ ತೋಚಲಿಲ್ಲ. ಮಧ್ಯಾಹ್ನ ಅದೇ ಅಂಗಿಯಲ್ಲಿ ಲಗೋರಿ ಆಡಿ ತೋಳು ಹರಿದುಕೊಂಡ. ಮರುವಾರ ಆ ತೋಳಿಗೆ ಅದೇ ಸೀರೆಯ ತೇಪೆ ಬಂದಿತ್ತು. ಆ ತಾಯಿ ಹೊಲಿದದ್ದು ಆಡಲು ಬರುವ ಅಂಗಿ. ಹರಿದರೆ ತೇಪೆ ಹಾಕಲು ಬಟ್ಟೆಯನ್ನೂ ಉಳಿಸಿಟ್ಟಿದ್ದಳು. ಮೇರಿ ಹೊಗಳಿದ ಆ ಹಳೆಯ ಗೌನಿನ ಬಟ್ಟೆಗೂ ಇದಕ್ಕೂ ನಂಟಿದೆ. ಚಿತ್ರ ನೋಡಿ ಹೊಲಿದ ಸಾವಿರಾರು ಸೂಟುಗಳಿಗೆ ಆ ನಂಟಿಲ್ಲ.

ಇನ್ನು ಪುಸ್ತಕದ ದೋಷಕ್ಕೆ ಬರುತ್ತೇನೆ. ತಪ್ಪೆಲ್ಲ ಓದುಗರದು, ಲೇಖಕಿಯದು ಏನೂ ಇಲ್ಲ ಎನ್ನುವಂತಿಲ್ಲ. ಸೆಡ್ರಿಕ್ ಎಂಬ ಹುಡುಗನನ್ನೇ ಅವಳು ದೊಡ್ಡವರ ಆಸೆಯ ಅಳತೆಗೆ ಹೊಲಿದಿದ್ದಾಳೆ. ಅವನು ಹಟ ಹಿಡಿದು ರಂಪ ಮಾಡುವುದಿಲ್ಲ. ಅಮ್ಮನಿಂದ ದೂರ ಇಟ್ಟ ಅಜ್ಜನ ಮೇಲೆ ಸಿಟ್ಟಾಗುವುದಿಲ್ಲ. ಕೈಗೆ ಹಣ ಬಂದರೆ ಸೇಬಿನ ಮುದುಕಿ, ಡಿಕ್ ಇವರಿಗೆ ಮೊದಲು ಕೊಡುತ್ತಾನೆ. ಇದು ಒಳ್ಳೆಯದೇ. ಆದರೆ ಮೂವತ್ತು ವರ್ಷದ ಹತ್ತಿರ ಮಕ್ಕಳ ನಡುವೆ ಇದ್ದ ನನಗೆ, ಒಂದು ದಿನವೂ ಮುಖ ಊದಿಸಿಕೊಳ್ಳದ ಏಳು ವರ್ಷದ ಹುಡುಗ ಸಿಕ್ಕಿಲ್ಲ. ಅಮ್ಮನನ್ನು ‘ಡಿಯರೆಸ್ಟ್’ ಎಂದೇ ಕರೆಯುತ್ತಾ ಅವಳ ದುಃಖವನ್ನು ತಾನು ಹೊರುವ ಹುಡುಗ ಅವನು. ಮಗುವಿನ ಹೆಗಲಿಗೆ ಅದು ಮಖಮಲ್ಲಿಗಿಂತ ಭಾರವಾದ ಬಟ್ಟೆ. ಓಟದ ಪಂದ್ಯದ ಹುಡುಗನನ್ನು ಕೊನೆಯವರೆಗೆ ಓಡಲು ಬಿಟ್ಟಿದ್ದರೆ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು.

ಆ ಬಟ್ಟೆಯ ಭಾರ ಹೊತ್ತದ್ದು ನಿಜದ ಮಗ. ಹಿರಿಯ ಮಗ ಲಯೊನೆಲ್ ಕ್ಷಯದಿಂದ 1890ರಲ್ಲಿ, ಹದಿನಾರು ವರ್ಷಕ್ಕೇ ತೀರಿಕೊಂಡ. ವಿವಿಯನ್ ಬದುಕಿ ದೊಡ್ಡವನಾದ. ಎಲ್ಲಿ ಹೋದರೂ ಜನ ಅವನಲ್ಲಿ ಆ ಲೇಸಿನ ಕಾಲರನ್ನೇ ಕಂಡರು. ಅವನು ತಾಯಿಯನ್ನು ದೂರಲಿಲ್ಲ. ಅವಳು ತೀರಿಕೊಂಡ ಮೂರು ವರ್ಷಕ್ಕೆ, 1927ರಲ್ಲಿ ಅವಳ ಜೀವನ ಚರಿತ್ರೆಯನ್ನು ಪ್ರೀತಿಯಿಂದಲೇ ಬರೆದ. 1937ರಲ್ಲಿ, ದೋಣಿ ಮಗುಚಿ ನೀರಿಗೆ ಬಿದ್ದ ನಾಲ್ವರನ್ನು ಉಳಿಸಲು ನೆರವಾದ ಬೆನ್ನಲ್ಲೇ ತನ್ನ ದೋಣಿಯಲ್ಲಿ ಹೃದಯ ನಿಂತು ಸತ್ತ. ಅರವತ್ತೊಂದು ವರ್ಷದ, ನಾಲ್ಕು ಜೀವಗಳಿಗೆ ಆಸರೆಯಾದ ಆ ಮನುಷ್ಯನನ್ನು ಪತ್ರಿಕೆಯ ತಲೆಬರಹ ‘ಮೂಲ ಫಾಂಟ್ಲರಾಯ್’ ಎಂದೇ ಕರೆಯಿತು. ತಾಯಿ ಪ್ರೀತಿಯಿಂದ ಹೊಲಿದ ಬಟ್ಟೆ ಲೋಕದ ಕೈಗೆ ಸಿಕ್ಕಿ, ಮಗ ಸಾಯುವವರೆಗೂ ಮೈಯಿಂದ ಕಳಚಲಿಲ್ಲ.

ಆದರೆ ಲೇಖಕಿ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನನಗೆ ಸಮಾಧಾನ. 1911ರಲ್ಲಿ ಅವಳು ‘ದಿ ಸೀಕ್ರೆಟ್ ಗಾರ್ಡನ್’ ಬರೆದಳು. ಅದರ ಮೇರಿ ನಮ್ಮ ಭಾರತದಲ್ಲಿ ಬೆಳೆದ ಇಂಗ್ಲಿಷ್ ಹುಡುಗಿ. ತಂದೆತಾಯಿ ಕಾಲರಾದಲ್ಲಿ ಸತ್ತು, ಇಂಗ್ಲೆಂಡಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಕೆಲಸದ ಹುಡುಗಿ ಮಾರ್ಥಾ ಬಂದು ನೋಡಿದರೆ, ಬಟ್ಟೆ ತೊಡಿಸಲಿ ಎಂದು ಮೇರಿ ಸುಮ್ಮನೆ ನಿಂತಿದ್ದಾಳೆ. ಆಯಾ ತೊಡಿಸಿಯೇ ಅಭ್ಯಾಸ. ಮಾರ್ಥಾಳಿಗೆ ಆಶ್ಚರ್ಯವೋ ಆಶ್ಚರ್ಯ. ಈ ಸಿಡುಕಿನ, ಹಟದ, ನಿಜವಾದ ಮಗು ತನ್ನ ಬಟ್ಟೆಯನ್ನು ತಾನೇ ತೊಡಲು ಕಲಿಯುವುದರಿಂದಲೇ ಅವಳ ಕಥೆ ಶುರುವಾಗುತ್ತದೆ. ಹನ್ನೆರಡು ಮಕ್ಕಳ ಬಡ ತಾಯಿ, ಮಾರ್ಥಾಳ ಅಮ್ಮ, ಮಗಳು ತಂದ ಸಂಬಳದಲ್ಲಿ ಎರಡು ಪೆನ್ನಿ ತೆಗೆದು ಆ ಹುಡುಗಿಗೆ ಒಂದು ಉಡುಗೊರೆ ಕಳಿಸುತ್ತಾಳೆ. ಅದು ಲೇಸಿನ ಕಾಲರಲ್ಲ, ಕುಣಿದಾಡುವ ಹಗ್ಗ. ಮಖಮಲ್ಲು ಹೊಲಿದ ಕೈ ಇಪ್ಪತ್ತೈದು ವರ್ಷದ ನಂತರ ಮಗುವಿನ ಕೈಗೆ ಹಗ್ಗ ಕೊಟ್ಟಿತು. ಬರ್ನೆಟ್ಟಳ ಎರಡು ಪುಸ್ತಕಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಅನುಮಾನಿಸದೆ ಎರಡನೆಯದನ್ನು ಹೇಳುತ್ತೇನೆ. ಆದರೆ ಮೊದಲನೆಯದನ್ನು ಓದದೆ ಎರಡನೆಯದರ ಬೆಲೆ ತಿಳಿಯುವುದಿಲ್ಲ.

ಈಗ ಮತ್ತೆ ಹೊಲಿಗೆ ಕಲಿಯಲು ಬರುವ ಎಳೆಯ ತಾಯಂದಿರು ಇದ್ದಾರೆ. ಅಂಗಡಿಯಲ್ಲಿ ಎಲ್ಲ ಸಿಕ್ಕರೂ ತನ್ನ ಮಗುವಿಗೆ ಒಂದಾದರೂ ಅಂಗಿ ತಾನೇ ಹೊಲಿಯಬೇಕು ಎನ್ನುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ಹತ್ತಿಯ ಬಟ್ಟೆ ತೆಗೆದುಕೊಳ್ಳಿ, ಒಮ್ಮೆ ನೀರಿಗೆ ಹಾಕಿ ಒಣಗಿಸಿ ಆಮೇಲೆ ಕತ್ತರಿಸಿ. ಮಗ್ಗುಲಲ್ಲಿ ಒಂದು ಇಂಚು ಬಿಡಿ, ತೋಳಿನ ತುದಿಯಲ್ಲಿ ಎರಡು ಇಂಚು ಒಳಗೆ ಮಡಿಚಿ. ಬೆಳೆದಾಗ ಬಿಚ್ಚಬಹುದು. ಕಂಕುಳಲ್ಲಿ ಸಡಿಲವಿರಲಿ, ಮರ ಹತ್ತುವಾಗ ಹರಿಯುವುದು ಅಲ್ಲೇ. ಗುಂಡಿ ದೊಡ್ಡದಿರಲಿ, ಅವನೇ ಹಾಕಿಕೊಳ್ಳುವಂತೆ. ಎಲ್ಲಕ್ಕೂ ಮೊದಲು ಅವನನ್ನು ಕರೆದು ಏನು ಬೇಕು ಎಂದು ಕೇಳಿ. ಬಣ್ಣ, ಲೇಸು ಯಾವುದನ್ನೂ ಅವನು ಕೇಳುವುದಿಲ್ಲ. “ಜೇಬು ಇಡಮ್ಮ” ಎನ್ನುತ್ತಾನೆ. ಎರಡು ಜೇಬು ಇಡಿ, ಆಳವಾಗಿಯೇ ಇಡಿ. ಅದರೊಳಗೆ ಏನು ತುಂಬಿಕೊಂಡು ಬರುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು.